ಬೂದಿಕೋಟೆ

ಬೂದಿಕೋಟೆ ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಒಂದು ಗ್ರಾಮ ಮತ್ತು ಹೋಬಳಿ ಕೇಂದ್ರ. ಬಂಗಾರಪೇಟೆಯಿಂದ ನೈಋತ್ಯಕ್ಕೆ, ಮಾರ್ಕಂಡೇಯ ನದಿಯ ಸೀಮೆಯಲ್ಲಿದೆ. ದಕ್ಷಿಣಕ್ಕೆ ಹೋದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಆಗ್ನೇಯಕ್ಕೆ ಕಾಮಸಮುದ್ರದ ಕಾಡು ದಾಟಿದರೆ ಆಂಧ್ರದ ಕುಪ್ಪಂ ಕಡೆಯ ಊರುಗಳು. ಮೂರು ರಾಜ್ಯಗಳ ಅಂಚು ಹತ್ತಿರದಲ್ಲೇ ಇರುವುದರಿಂದ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಇಲ್ಲಿ ನಿತ್ಯದ ಮಾತು. ಪುರಾಣಕಾಲದ ಯಜ್ಞವೊಂದರ ಬೂದಿಯಿಂದ ಊರಿಗೆ ಈ ಹೆಸರು ಬಂತೆಂಬುದು ಸ್ಥಳೀಯರ ನಂಬಿಕೆ.

ಊರಿಗೆ ಒತ್ತಿಕೊಂಡಂತೆ ಕಲ್ಲುಬೆಟ್ಟವಿದೆ. ಅದರ ಮೇಲೆ ಹಳೆಯ ಕೋಟೆಯ ಅವಶೇಷಗಳಿವೆ. ವಿಜಯನಗರದ ಪತನದ ಬಳಿಕ ಈ ಸೀಮೆ ಕೈಯಿಂದ ಕೈಗೆ ಹೋಯಿತು. ಬಿಜಾಪುರದವರು 1638ರಲ್ಲಿ ಬೆಂಗಳೂರನ್ನು ಗೆದ್ದ ಮೇಲೆ ಕೋಲಾರ ಸೀಮೆ ಶಹಾಜಿ ಭೋಸಲೆಯ ಜಹಗೀರಿಗೆ ಸೇರಿತು. ಆ ಶತಮಾನದ ಕೊನೆಯ ಹೊತ್ತಿಗೆ ಮೊಗಲರ ಶಿರಾ ಸುಬಾಕ್ಕೆ ಒಳಪಟ್ಟಿತು. ಶಿರಾದ ನವಾಬನ ಕೈಕೆಳಗೆ ಫತೇ ಮಹಮ್ಮದ್ ಎಂಬ ಸೇನಾಧಿಕಾರಿಗೆ ಬೂದಿಕೋಟೆ ಜಹಗೀರಾಗಿ ಬಂತು. ಅವನ ಮಗ ಹೈದರ್ ಅಲಿ ಹುಟ್ಟಿದ್ದು ಇಲ್ಲೇ. ವರ್ಷದ ಬಗ್ಗೆ ಮಾತ್ರ ಒಮ್ಮತವಿಲ್ಲ. 1720ರಿಂದ 1722ರೊಳಗಿನ ಬೇರೆ ಬೇರೆ ವರ್ಷಗಳನ್ನು ಇತಿಹಾಸಕಾರರು ಕೊಡುತ್ತಾರೆ.

ಶಾಲೆಯ ಪಠ್ಯದಲ್ಲಿ ಬೂದಿಕೋಟೆಗೆ ಸಿಗುವ ಜಾಗ ಹೈದರ್ ಹುಟ್ಟಿದ ಊರೆಂಬ ಒಂದು ವಾಕ್ಯ. ಹೈದರನ ಬದುಕಿನಲ್ಲೂ ಊರಿಗೆ ಅದಕ್ಕಿಂತ ಹೆಚ್ಚಿನ ಪಾತ್ರವಿಲ್ಲ. ತಂದೆ ಯುದ್ಧದಲ್ಲಿ ಸತ್ತಾಗ ಹೈದರ್ ಇನ್ನೂ ಎಳೆಯ ಹುಡುಗ. ಸತ್ತವನ ಬಾಕಿಯೆಂದು ಹಣ ಕಕ್ಕಿಸಲು ದೊಡ್ಡಬಳ್ಳಾಪುರದಲ್ಲಿ ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ತುರುಕಿ, ಮೇಲೆ ಚರ್ಮ ಬಿಗಿದು ಬಾರಿಸಿದರೆಂದು ಮೈಸೂರು ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಆ ಮೇಲೆ ಕುಟುಂಬ ಮೈಸೂರಿನ ಆಶ್ರಯಕ್ಕೆ ಹೋಯಿತು. ಫತೇ ಮಹಮ್ಮದನ ಗೋರಿಯೂ ಇಲ್ಲಿಲ್ಲ, ಕೋಲಾರ ಪಟ್ಟಣದ ಮಕಬರಾದಲ್ಲಿದೆ. ಹೈದರನ ನೆನಪು ಅರಸಿ ಬಂದವರು ನೋಡಬೇಕಾದ್ದು ಬೆಟ್ಟ, ಕೋಟೆಯ ಕಲ್ಲು ಇಷ್ಟನ್ನೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಅದೃಷ್ಟ ಬದಲಾದದ್ದು ಉತ್ತರ ಮತ್ತು ಪೂರ್ವ ದಿಕ್ಕಿನಲ್ಲಿ. 1864ರಲ್ಲಿ ಬೆಂಗಳೂರು-ಮದರಾಸು ರೈಲುಮಾರ್ಗ ಬಂತು. ದಾರಿಯ ಮೇಲಿನ ನಿಲ್ದಾಣದ ಸುತ್ತ ಬೆಳೆದ ಪೇಟೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿಟ್ಟರು. ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಅಲ್ಲಿಂದ ಪೂರ್ವಕ್ಕೆ ಕೋಲಾರ ಚಿನ್ನದ ಗಣಿ (ಕೆಜಿಎಫ್). ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಮೇಲೆ ಗಣಿ ಬೆಳೆದ ಪರಿಗೆ 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಕವಲು ರೈಲು ಬಂತು, 1902ರಲ್ಲಿ ಶಿವನಸಮುದ್ರದಿಂದ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೂದಿಕೋಟೆಗೆ ಇದರ ಪಾಲು ಸಿಗಲಿಲ್ಲ. ಕಾರಣ ನೆಲದಡಿಯಲ್ಲೇ ಇದೆ: ಚಿನ್ನವಿರುವುದು ಉತ್ತರ-ದಕ್ಷಿಣವಾಗಿ ಚಾಚಿದ, ಕೆಲವೇ ಕಿಲೋಮೀಟರ್ ಅಗಲದ ಕೋಲಾರ ಶಿಸ್ಟ್ ಪಟ್ಟಿಯಲ್ಲಿ. ಬೂದಿಕೋಟೆ ಅದರ ಪಶ್ಚಿಮಕ್ಕೆ, ಬರೀ ಗ್ರಾನೈಟಿನ ಮೇಲೆ ಕೂತಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಜಿಎಫ್‌ನ ಲೈನ್‌ಮನೆಗಳ ಮೇಲೆ ಬಿದ್ದ ಪೆಟ್ಟು ಈ ಊರಿಗೆ ಅಷ್ಟಾಗಿ ತಟ್ಟದೆ ಹೋದದ್ದೂ ಅದೇ ಕಾರಣಕ್ಕೆ ಎನ್ನಬಹುದು.

ಇಲ್ಲಿಯದು ಬೇಸಾಯದ ಬದುಕು. ರಾಗಿ, ಟೊಮೆಟೊ, ಹಾಲು, ರೇಷ್ಮೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಮನೆ ಮುಂದೆ ಗೋಡೆಗೆ ಒರಗಿಸಿಟ್ಟಿರುವುದು ಈ ಕಡೆಯ ಹಳ್ಳಿಗಳಲ್ಲಿ ಸಾಮಾನ್ಯ ನೋಟ. ನೀರಿನದೇ ಕಷ್ಟ. ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ; ಕೆರೆ ಬತ್ತಿದ ಮೇಲೆ ಕೊಳವೆಬಾವಿ ಸಾವಿರ ಅಡಿ ದಾಟಿತು, ಬಂದ ನೀರಿನಲ್ಲೂ ಫ್ಲೋರೈಡ್. ಮಾರ್ಕಂಡೇಯ ಮಳೆಗಾಲದ ಹೊಳೆ, ಹರಿದುಹೋಗಿ ತಮಿಳುನಾಡಿನಲ್ಲಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಬೂದಿಕೋಟೆ ಸಮೀಪ ಇದಕ್ಕೆ ಹಳೆಯ ಜಲಾಶಯವೊಂದಿದೆ. ಇನ್ನೂ ಕೆಳಗೆ ಯರಗೋಳದಲ್ಲಿ ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳ ಕುಡಿಯುವ ನೀರಿಗೆಂದು ಅರ್ಧ ಟಿಎಂಸಿ ಸಾಮರ್ಥ್ಯದ ಅಣೆಕಟ್ಟು ಕಟ್ಟಲಾಯಿತು. ತಮಿಳುನಾಡು ತಡೆ ಕೋರಿ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಕಾಮಸಮುದ್ರದ ಕಡೆ ರೈತರಿಗೆ ನೀರಿನ ಜೊತೆ ಆನೆಯ ಚಿಂತೆಯೂ ಇದೆ. ಗಡಿಯಾಚೆಯ ಕಾಡಿನಿಂದ ಬರುವ ಹಿಂಡು ರಾಗಿ, ಟೊಮೆಟೊ ತೋಟಗಳನ್ನು ತುಳಿದು ಹೋಗುತ್ತದೆ.

ಇತ್ತೀಚಿನ ಕಾಲದಲ್ಲಿ ಬೂದಿಕೋಟೆಯ ಹೆಸರು ಹೊರಗೆ ಕೇಳಿಬಂದದ್ದು ‘ನಮ್ಮ ಧ್ವನಿ’ ಸಮುದಾಯ ರೇಡಿಯೊದಿಂದ. ಹೈದರನಿಗಿಂತ ಇದೇ ಊರಿನ ಸ್ವಂತ ಇತಿಹಾಸವೆಂದರೂ ತಪ್ಪಾಗದು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಿಂದ ಈ ಭಾಗದಲ್ಲಿ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿತ್ತು. ಉಳಿತಾಯ, ಸಾಲ, ಹಾಜರಿ ಪುಸ್ತಕವೆಂದು ಶುರುವಾದ ಸಂಘದ ಸಭೆಯಲ್ಲಿ ಊರಿನ ಎಲ್ಲ ವಿಷಯವೂ ಬರುತ್ತಿತ್ತು. 2001ರಲ್ಲಿ ಬೆಂಗಳೂರಿನ ವಾಯ್ಸಸ್ ಸಂಸ್ಥೆ ಮೈರಾಡದ ಜೊತೆಗೂಡಿ, ಯುನೆಸ್ಕೊ ನೆರವಿನಿಂದ ಇಲ್ಲಿ ಧ್ವನಿಮುದ್ರಣ ಕೇಂದ್ರ ತೆರೆಯಿತು. ಕೃಷಿ, ಆರೋಗ್ಯ, ಕುಡಿಯುವ ನೀರು, ಸೋಬಾನೆ ಪದ ಹೀಗೆ ಊರಿನವರೇ ಮಾತಾಡಿ, ಹಾಡಿ ಕ್ಯಾಸೆಟ್ ತುಂಬಿಸಿದರು.

ತೊಡಕಿದ್ದದ್ದು ಪ್ರಸಾರದಲ್ಲಿ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೆ ಸಂಘಸಂಸ್ಥೆಗಳಿಗೆ ರೇಡಿಯೊ ನಡೆಸಲು ಅನುಮತಿ ಇರಲಿಲ್ಲ; 2002ರ ಕೊನೆಯಲ್ಲಿ ಬಂದ ನೀತಿಯೂ ವಿದ್ಯಾಸಂಸ್ಥೆಗಳಿಗಷ್ಟೇ ಸೀಮಿತವಾಗಿತ್ತು. ಬೂದಿಕೋಟೆಯವರು ಅಲೆಯ ಗೊಡವೆಗೇ ಹೋಗಲಿಲ್ಲ. ಮೊದಲು ಸಂಘದ ಸಭೆಗಳಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕೇಳಿಸಿದರು, ಧ್ವನಿವರ್ಧಕದಲ್ಲೂ ಹಾಕಿದರು. ಆಮೇಲೆ ಊರಿಗೆ ಆಗಲೇ ಬಂದಿದ್ದ ಟಿ.ವಿ. ಕೇಬಲ್ಲಿಗೆ ಕೈಹಾಕಿದರು: ಸಿನಿಮಾ, ಧಾರಾವಾಹಿ ಬರುವ ತಂತಿಯಲ್ಲೇ ಕಾರ್ಯಕ್ರಮದ ಧ್ವನಿ ಹರಿಸಿದರು. ಕೇಬಲ್ಲಿಗೆ ಹೊಂದುವಂತೆ ಮಾರ್ಪಡಿಸಿದ ರೇಡಿಯೊ ಪೆಟ್ಟಿಗೆಗಳೂ ಬಂದವು. ಪರವಾನಗಿ ಬೇಕಾದದ್ದು ಗಾಳಿಯಲ್ಲಿ ಬಿಡುವ ಪ್ರಸಾರಕ್ಕೆ, ತಂತಿಯಲ್ಲಿ ಸಾಗುವ ಮಾತಿಗಲ್ಲ ಎಂಬುದೇ ಇದರ ಉಪಾಯ. ದೇಶದ ಸಮುದಾಯ ರೇಡಿಯೊ ಚಳವಳಿಯವರು ಹೊಸ ನೀತಿಗಾಗಿ ಒತ್ತಾಯಿಸುವಾಗ ಬೂದಿಕೋಟೆಯನ್ನು ಮಾದರಿಯಾಗಿ ತೋರಿಸುತ್ತಿದ್ದರು. 2006ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. ಮುಂದೆ ‘ನಮ್ಮ ಧ್ವನಿ’ ಎಫ್‌ಎಂ ಕೇಂದ್ರವೂ ಆಯಿತು.

ಬೂದಿಕೋಟೆಗೆ ರೈಲಿಲ್ಲ. ಬಂಗಾರಪೇಟೆ ಜಂಕ್ಷನ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ತಿನ್ನಲು ಪೇಟೆಯ ಹೆಸರಾಂತ ಪಾನಿಪೂರಿಯಿದೆ. ಅದರ ಪಾನಿಗೆ ಬಣ್ಣವಿರುವುದಿಲ್ಲ, ಖಾರಕ್ಕೇನೂ ಕೊರತೆಯಿಲ್ಲ.