ಗುಡ್ಡಕ್ಕೆ ಬೆಂಕಿ ಬಿದ್ದಾಗ

ನಾನು ಚಿಕ್ಕವಳಿದ್ದಾಗ ಕಪ್ಪತಗುಡ್ಡಕ್ಕೆ ಬೆಂಕಿ ಬಿದ್ದರೆ ನಮಗೆಲ್ಲ ಸಂಭ್ರಮ. ಶಿವರಾತ್ರಿಯ ಸುಮಾರಿಗೆ ಧಾರವಾಡದಿಂದ ಅಜ್ಜಿಯ ಊರಿಗೆ ಹೋಗುತ್ತಿದ್ದೆವು. ಡಂಬಳದ ಹತ್ತಿರ ಗುಡ್ಡದ ಬುಡಕ್ಕೆ ಆತುಕೊಂಡ ಸಣ್ಣ ಊರು ಅದು. ಸಂಜೆಯ ಬಸ್ಸು ಗದಗು ದಾಟಿ ಮುಂದೆ ಹೋದಂತೆ, ಕತ್ತಲಲ್ಲಿ ಗುಡ್ಡದ ಮೈಮೇಲೆ ಯಾರೋ ಕೆಂಪು ಸರ ಹಾಕಿದ ಹಾಗೆ ಬೆಂಕಿಯ ಸಾಲು ಕಾಣುತ್ತಿತ್ತು. "ಗುಡ್ಡಕ್ಕ ದೀಪಾವಳಿ ಬಂತು" ಎಂದು ನಾವು ಹುಡುಗರು ಕಿಟಕಿಗೆ ಮುಖ ಒತ್ತಿ ಕೂಗುತ್ತಿದ್ದೆವು. ದೊಡ್ಡವರು ಮಾತ್ರ ಯಾರೂ ಮಾತಾಡುತ್ತಿರಲಿಲ್ಲ. ಆ ಮೌನದ ಅರ್ಥ ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಮುಂದೆ ನಾನು ಧಾರವಾಡದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದೆ. ಚಾಲುಕ್ಯರು, ವಿಜಯನಗರ, ಕಿತ್ತೂರು ಎಲ್ಲ ಕಲಿಸಿದೆ. ಬೆಂಕಿಗೂ ಒಂದು ಇತಿಹಾಸ ಇದೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ಈಗ ನಿವೃತ್ತಳಾಗಿ ಬೆಳಿಗ್ಗೆ ಚಹಾದ ಜೊತೆ ಪತ್ರಿಕೆ ಹಿಡಿದು ಕೂತರೆ, ಜನವರಿ ಮುಗಿಯುವುದರೊಳಗೆ "ಕಪ್ಪತಗುಡ್ಡದಲ್ಲಿ ಬೆಂಕಿ" ಎಂಬ ಸುದ್ದಿ ಕಣ್ಣಿಗೆ ಬೀಳುತ್ತದೆ. ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: ಬೆಂಕಿಗೆ ಕಾರಣ ತಿಳಿದುಬಂದಿಲ್ಲ. ಆ ಸಾಲು ಓದಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಚುಚ್ಚಿದಂತಾಗುತ್ತದೆ. ಯಾಕೆಂದರೆ ಅಂಥ ಒಂದು ಬೆಂಕಿಯ ಕಾರಣ ನನಗೆ ಗೊತ್ತು.

ನಮ್ಮಜ್ಜಿ ಪ್ರತಿ ವರ್ಷ ಬೆಂಕಿ ಹಚ್ಚುತ್ತಿದ್ದಳು. ಅದಕ್ಕೊಂದು ಲೆಕ್ಕ ಇತ್ತು. ಸಂಕ್ರಾಂತಿಯ ಆಸುಪಾಸು, ಬೆಳಗಿನ ಜಾವ, ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಇರುವಾಗ, ಬಣವೆಯ ಸುತ್ತ ಮತ್ತು ಹೊಲದ ಗುಡ್ಡದ ಕಡೆಯ ಬದುವಿನ ಗುಂಟ ಒಂದು ಪಟ್ಟಿ ಸುಡುವುದು. ಬೆಂಕಿ ಮೊಣಕಾಲಿಗಿಂತ ಮೇಲೆ ಏಳಬಾರದು. ಆಚೆ ಈಚೆ ಮೂವರು ಹೆಣ್ಣುಮಕ್ಕಳು ಹಸಿ ಲಕ್ಕಿ ಟೊಂಗೆ ಹಿಡಿದು ನಿಲ್ಲಬೇಕು. ಬೆಂಕಿ ದಾರಿ ಬಿಟ್ಟರೆ ಬಡಿದು ಆರಿಸಬೇಕು. ಬಿಸಿಲು ಏರುವುದರೊಳಗೆ ಕೆಲಸ ಮುಗಿಯಬೇಕು. ಮುಂದೆ ಬೇಸಿಗೆಯಲ್ಲಿ ಗುಡ್ಡದಿಂದ ಬೆಂಕಿ ಇಳಿದು ಬಂದರೂ ಆ ಕರಿ ಪಟ್ಟಿಯ ಹತ್ತಿರ ಬಂದು ಅದಕ್ಕೆ ತಿನ್ನಲು ಏನೂ ಸಿಗದೆ ಸಾಯುತ್ತಿತ್ತು. "ಆರಿಸಾಕ ಬರದವರು ಹಚ್ಚಬಾರದು" ಎಂಬುದು ಅಜ್ಜಿಯ ಮಾತು. ಒಲೆಯ ಮುಂದೆ ಕೂತಾಗಲೂ ಅವಳು ಅದನ್ನೇ ಹೇಳುತ್ತಿದ್ದಳು.

1968ರಲ್ಲಿ ನನಗೆ ಹತ್ತು ವರ್ಷ. ಹೋಳಿ ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇತ್ತು. ಮಧ್ಯಾಹ್ನ ಅಜ್ಜಿ ಮಲಗಿದ್ದಳು. ಸೋದರಮಾವ ನನ್ನನ್ನು ಕರೆದು ಒಲೆಯ ಗೂಡಿನಿಂದ ಕಡ್ಡಿಪೆಟ್ಟಿಗೆ ತರಲು ಹೇಳಿದ. ತಂದುಕೊಟ್ಟೆ. ಗುಡ್ಡದ ಇಳಿಜಾರಿನಲ್ಲಿ ಆಳೆತ್ತರದ ಬಾದೆ ಹುಲ್ಲು ಒಣಗಿ ನಿಂತಿತ್ತು. ಅದನ್ನು ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಚಿಗುರುತ್ತದೆ, ಕುರಿಗಳಿಗೆ ಒಳ್ಳೆಯದು ಎಂಬುದು ಅವನ ವಿಚಾರ. ಅಂಥ ವಿಚಾರ ಅವನೊಬ್ಬನದೇ ಅಲ್ಲ, ಸುತ್ತಿನ ಊರುಗಳದೆಲ್ಲ ಇತ್ತು. ಆದರೆ ಗಾಳಿ ತಿರುಗಿತು. ಬೆಂಕಿ ಎರಡು ರಾತ್ರಿ ಗುಡ್ಡ ಏರಿತು. ಒಂದು ನಾಲಿಗೆ ಕೆಳಗಿಳಿದು ನೆರೆಮನೆಯ ವಿಧವೆಯೊಬ್ಬಳ ಎರಡು ಬಣವೆಗಳನ್ನು ನುಂಗಿತು. ಮೇವಿಲ್ಲದೆ ಆಕೆ ಆ ಬೇಸಿಗೆಯಲ್ಲಿ ತನ್ನ ಎಮ್ಮೆ ಮಾರಿದಳು. ಮಕ್ಕಳಿಗೆ ಹಾಲು ಕೊಡುತ್ತಿದ್ದ ಎಮ್ಮೆ.

ಮೂರನೆಯ ದಿನ ಸರಕಾರದ ನೌಕರನೊಬ್ಬ ವಹಿ ಹಿಡಿದು ಬಂದ. ಅಜ್ಜಿ ಸೆರಗು ಹೊದ್ದು ಬಾಗಿಲಲ್ಲಿ ನಿಂತು, "ಯಾರು ಹಚ್ಚಿದರೋ ಏನೋ, ನಮಗ ಗೊತ್ತಿಲ್ರೀ" ಎಂದಳು. ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವನು ಬರೆದುಕೊಂಡು ಹೋದ. ಆ ವಾರ ಅಜ್ಜಿ ನಮ್ಮ ಬಣವೆಯಿಂದ ಒಂದು ಬಂಡಿ ಹುಲ್ಲು ಆ ಮನೆಗೆ ಕಳಿಸಿದಳು. ಯಾಕೆಂದು ಹೇಳಲಿಲ್ಲ.

ಸುಳ್ಳು ಹೇಳದ ನಮ್ಮಜ್ಜಿ ಅಂದು ಯಾಕೆ ಸುಳ್ಳು ಹೇಳಿದಳು? ಉತ್ತರ ಸಿಕ್ಕಿದ್ದು ಕಾನೂನಿನ ಇತಿಹಾಸ ಓದುವಾಗ. ರೈಲುಹಳಿಯ ಕೆಳಗಿನ ದಿಮ್ಮಿಗೆ, ಹಡಗಿಗೆ ಮರ ಬೇಕಾದಾಗ ಬ್ರಿಟಿಷರಿಗೆ ಕಾಡಿನ ಬೆಂಕಿ ಶತ್ರುವಾಗಿ ಕಂಡಿತು. 1860ರ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಬೆಂಕಿಯನ್ನು ಪೂರ್ತಿ ಹೊರಗಿಡುವ ಪ್ರಯತ್ನ ಆರಂಭವಾಯಿತು. 1878ರ ಅರಣ್ಯ ಕಾಯ್ದೆಯ ಪ್ರಕಾರ ಕಾಯ್ದಿಟ್ಟ ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ. ಅಷ್ಟೇ ಆಗಿದ್ದರೆ ಸರಿ. ಬೇಕೆಂದೋ ಬೇಜವಾಬ್ದಾರಿಯಿಂದಲೋ ಬೆಂಕಿ ಬಿದ್ದರೆ ಅಲ್ಲಿ ದನ ಮೇಯಿಸುವ ಹಕ್ಕನ್ನೇ ತಡೆಹಿಡಿಯಬಹುದೆಂದೂ ಅದರಲ್ಲಿತ್ತು. 1927ರ ಕಾಯ್ದೆಯಲ್ಲೂ ಅದೇ ಅಚ್ಚು. ಒಬ್ಬನ ತಪ್ಪಿಗೆ ಊರ ದನಕರುಗಳೆಲ್ಲ ಉಪವಾಸ ಬೀಳಬಹುದೆಂದ ಮೇಲೆ ಯಾವ ತಾಯಿ ಬಾಯಿ ಬಿಟ್ಟಾಳು? 1930ರ ಅರಣ್ಯ ಸತ್ಯಾಗ್ರಹದಲ್ಲಿ ನಮ್ಮ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಜನ ಕಾಡಿನ ಕಾನೂನು ಮುರಿದಾಗ ಅವರ ಸಿಟ್ಟಿನ ಹಿಂದೆ ಇಂಥ ಅನೇಕ ನೋವುಗಳಿದ್ದವು. ಕಾನೂನು ಬೆಂಕಿಯನ್ನು ನಿಲ್ಲಿಸಲಿಲ್ಲ. ಬೆಳಗಿನ ಜಾವ ಹತ್ತು ಜನರ ಮುಂದೆ ಹಚ್ಚುತ್ತಿದ್ದ ಬೆಂಕಿಯನ್ನು ಮಧ್ಯಾಹ್ನ ಕದ್ದು ಹಚ್ಚುವಂತೆ ಮಾಡಿತು. ಕದ್ದು ಹಚ್ಚಿದವನು ಆರಿಸಲು ನಿಲ್ಲುವುದಿಲ್ಲ, ಓಡುತ್ತಾನೆ.

ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಕಥೆಯೂ ಇದಕ್ಕೆ ಹತ್ತಿರದ್ದು. ಅವರದು "ತರಗು ಬೆಂಕಿ". ಬೇಸಿಗೆ ಬಲಿಯುವ ಮೊದಲೇ ಉದುರಿದ ತರಗೆಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಕಾಡನ್ನೆಲ್ಲ ಆವರಿಸಿತೆಂದು ಸೋಲಿಗರ ಹಿರಿಯರು ಹೇಳುತ್ತಾರೆ. 19ನೇ ಶತಮಾನದ ಆರಂಭದಲ್ಲಿ ಚಂದದ ಹೂವಿಗೆಂದು ಹೊರದೇಶದಿಂದ ತಂದ ಗಿಡ ಅದು. ಒಣಗಿದರೆ ನೆಲದಿಂದ ಮರದ ನೆತ್ತಿಗೆ ಬೆಂಕಿ ಹತ್ತುವ ಏಣಿ.

ಅಂಥ ಏಣಿ ಏನು ಮಾಡಬಲ್ಲದು ಎಂಬುದನ್ನು ಬಂಡೀಪುರದಲ್ಲಿ ಕಂಡೆವು. 2017ರ ಫೆಬ್ರವರಿಯಲ್ಲಿ ಬೆಂಕಿ ಆರಿಸಲು ಹೋದ ಯುವಕ, ಒಬ್ಬ ಅರಣ್ಯ ರಕ್ಷಕ, ಪ್ರಾಣ ಬಿಟ್ಟ. 2019ರ ಫೆಬ್ರವರಿಯ ಕೊನೆಯ ವಾರ 4 ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ಬಂದವು. ಟಿ.ವಿ.ಯ ಮುಂದೆ ಕೂತ ನನಗೆ ಲಕ್ಕಿ ಟೊಂಗೆ ಹಿಡಿದ ಮೂವರು ಹೆಣ್ಣುಮಕ್ಕಳ ನೆನಪಾಯಿತು.

ಹಾಗಾದರೆ ಅಜ್ಜಿಯ ಪದ್ಧತಿಯನ್ನೇ ಮತ್ತೆ ತಂದರೆ ಸಾಕೆ? ಅಷ್ಟು ಸುಲಭವಿಲ್ಲ. ಅಜ್ಜಿಯ ಲೆಕ್ಕ ನಿಂತಿದ್ದು ಸಂಕ್ರಾಂತಿಯ ಇಬ್ಬನಿಯ ಮೇಲೆ. ನಾವು ಮಾಳಮಡ್ಡಿಯ ಮನೆಗೆ ಬಂದಾಗ ಫ್ಯಾನಿನ ಅಗತ್ಯವೇ ಇರಲಿಲ್ಲ. ಈಗ ಮಾರ್ಚಿಯಲ್ಲಿ ಅದು ರಾತ್ರಿಯಿಡೀ ತಿರುಗುತ್ತದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಸರಕಾರವೇ 2020ರಲ್ಲಿ ಹೊರತಂದ ವರದಿ ಹೇಳಿತು. ಇಷ್ಟೇ ಅಲ್ಲವೇ ಎನಿಸಬಹುದು. ಆದರೆ ಬಿಸಿಗಾಳಿಗೆ ಬಾಯಾರಿಕೆ ಹೆಚ್ಚು. ಬಿಸಿಲಿನಲ್ಲಿಟ್ಟ ಹಪ್ಪಳದಿಂದ ನೀರು ಹೀರುವ ಹಾಗೆ ಅದು ಹುಲ್ಲು, ಎಲೆ, ಮಣ್ಣುಗಳಿಂದ ತೇವ ಹೀರುತ್ತದೆ. ಜೊತೆಗೆ ಮಳೆ ಕೈಕೊಟ್ಟರೆ ಕೇಳುವುದೇ ಬೇಡ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸುಡಲು ಸುರಕ್ಷಿತವಾದ ದಿನಗಳೇ ಕಡಿಮೆಯಾಗಿವೆ. ಹಿಂದೆ ಒಂದು ಬದು ಸುಡುತ್ತಿದ್ದ ಕಡ್ಡಿ ಇಂದು ಒಂದು ಗುಡ್ಡವನ್ನೇ ಸುಡಬಲ್ಲದು.

ಇದು ನಮ್ಮೊಬ್ಬರ ಪಾಡಲ್ಲ. 2020ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಫೋನು ಮಾಡಿ, "ಅವ್ವಾ, ಬೆಳಿಗ್ಗೆ ಹತ್ತಾದರೂ ದೀಪ ಹಚ್ಚೇವಿ, ಆಕಾಶ ಕುಂಕುಮದ ನೀರಿನಂಗ ಆಗೇದ" ಎಂದಳು. ಕಾಳ್ಗಿಚ್ಚಿನ ಹೊಗೆ ಸೂರ್ಯನನ್ನು ಮುಚ್ಚಿತ್ತು. ಅಲ್ಲಿಯೂ ಮೂಲನಿವಾಸಿಗಳು ಸಣ್ಣ ಬೆಂಕಿ ಹಚ್ಚಿ ಕಾಡು ಕಾಯುತ್ತಿದ್ದರು, ಅದನ್ನು ನಿಷೇಧಿಸಿದರು. ಯಾವ ಬೆಂಕಿಯನ್ನೂ ಮರುದಿನ ಬೆಳಿಗ್ಗೆ ಹತ್ತರೊಳಗೆ ಹತೋಟಿಗೆ ತರಬೇಕೆಂದು 1935ರಲ್ಲಿ ಅಲ್ಲಿನ ಅರಣ್ಯ ಇಲಾಖೆ ನಿಯಮ ಮಾಡಿತ್ತು. ಸುಡದೆ ಉಳಿದ ಒಣ ಕಸ ಎಂಬತ್ತು ವರ್ಷ ಕೂಡಿತು, ಮೇಲೆ ಬಿಸಿಲು ಏರಿತು. ಮಗಳು ಮಾತಾಡುತ್ತಿದ್ದಾಗ ನಾನು ಡಂಬಳದ ಬಸ್ಸಿನ ಕಿಟಕಿಯಲ್ಲಿದ್ದೆ.

ಕಪ್ಪತಗುಡ್ಡ 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯದೇ ಆಗಿತ್ತು, ಈಗ ಗದಗ ಜಿಲ್ಲೆಯದು. ಗಣಿಯ ವಿರುದ್ಧ ಜನ ಹೋರಾಡಿದ ಮೇಲೆ 2019ರಲ್ಲಿ ಅದರ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗುದ್ದಲಿಯಿಂದ ಉಳಿದ ಗುಡ್ಡ ಕಡ್ಡಿಯಿಂದ ಉಳಿಯಬೇಕಾಗಿದೆ. ಅಲ್ಲಿನ ಔಷಧಿ ಬೇರುಗಳು, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಪ್ರತಿ ವರ್ಷದ ಬೆಂಕಿಯನ್ನು ತಾಳಲಾರವು. ಸುಟ್ಟ ಇಳಿಜಾರಿನ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಎಳೆಹುಲ್ಲಿನ ಆಸೆಗೆ ತೆರುವ ಬೆಲೆ ಅದು.

ಹೋದ ವರ್ಷ ಅಜ್ಜಿಯ ಊರಿಗೆ ಹೋಗಿದ್ದೆ. ಮಾವ ಈಗಿಲ್ಲ. ಬಣವೆ ಸುಟ್ಟುಕೊಂಡ ಆ ತಾಯಿಯೂ ಇಲ್ಲ, ಆಕೆಯ ಸೊಸೆ ಇದ್ದಾಳೆ. ಮೊಮ್ಮಗ ಬೇಸಿಗೆಯಲ್ಲಿ ಗುಡ್ಡದ ಬೆಂಕಿ ಕಾಯುವ ಕೂಲಿಗೆ ಹೋಗುತ್ತಾನೆ. ಚಹಾ ಕುಡಿಯುತ್ತ, ಐವತ್ತಕ್ಕೂ ಹೆಚ್ಚು ವರ್ಷ ಬಾಯಲ್ಲಿಟ್ಟುಕೊಂಡದ್ದನ್ನು ಹೇಳಿದೆ: ಕಡ್ಡಿಪೆಟ್ಟಿಗೆ ತಂದುಕೊಟ್ಟವಳು ನಾನೇ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಮ್ಮತ್ತಿಗೆ ಗೊತ್ತಿತ್ರೀ ಅಕ್ಕಾ. ನಿಮ್ಮಜ್ಜಿ ಹುಲ್ಲು ಕಳಿಸಿದಾಗನ ತಿಳೀತಂತ. ಹೇಳಿದ್ರ ಊರ ದನಕ್ಕ ಕುತ್ತು ಅಂತ ಆಕಿನೂ ಹೇಳಲಿಲ್ಲ."

ಒಂದು ಕಾಗದದ ಮೇಲಿನ "ಕಾರಣ ತಿಳಿದಿಲ್ಲ" ಎಂಬ ಸಾಲಿನ ಹಿಂದೆ ಇಬ್ಬರು ಹೆಂಗಸರು ಹೀಗೆ ಬಾಯಿ ಕಟ್ಟಿಕೊಂಡು ಬದುಕಿದ್ದರು. ಹೊರಡುವಾಗ ಮೊಮ್ಮಗ ಗುಡ್ಡದಿಂದ ಇಳಿದು ಬಂದ. ಕೈಯಲ್ಲಿ ಹಸಿ ಟೊಂಗೆ ಇತ್ತು, ಮುಖದ ತುಂಬ ಮಸಿ. "ಹಚ್ಚಿದವರು ಯಾರಂತ ನಾ ಕೇಳಂಗಿಲ್ರೀ," ಎಂದ, "ಆರಿಸಾಕ ಬಂದ್ರ ಸಾಕು."