ಹೃದ್ರೋಗಿಗಳ ಚಲನಭೀತಿ: ವಿಶ್ರಾಂತಿಯ ವಿಧಿ ಮತ್ತು ಅದರ ಉಳಿಕೆ

ಪರಿಧಮನಿಯ ಅಡಚಣೆಯನ್ನು ಆಂಜಿಯೋಪ್ಲಾಸ್ಟಿಯ ಮೂಲಕ ನಿವಾರಿಸಿಕೊಂಡು ಮನೆಗೆ ಮರಳಿದ ರೋಗಿಯು ಮೆಟ್ಟಿಲು ಹತ್ತಲು, ಬಿರುಸಾಗಿ ನಡೆಯಲು, ತನ್ನ ಹಿಂದಿನ ಕೆಲಸಕ್ಕೆ ಹೋಗಲು ಹಿಂಜರಿಯುವುದುಂಟು. ರಕ್ತನಾಳ ತೆರೆದಿರುತ್ತದೆ, ವೈದ್ಯರು ನಡೆಯಿರೆಂದು ಹೇಳಿರುತ್ತಾರೆ; ಆದರೂ ಚಲಿಸಿದರೆ ಹೃದಯಕ್ಕೆ ಕೇಡಾದೀತೆಂಬ ಅಂಜಿಕೆ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಇದನ್ನು ಚಲನಭೀತಿ ಎಂದು ಕರೆಯಬಹುದು. ರೋಗಿಯ ಮನೋದೌರ್ಬಲ್ಯವೇ ಇದಕ್ಕೆ ಕಾರಣವೆಂದು ಭಾವಿಸುವುದು ವಾಡಿಕೆ. ಆದರೆ ಹೃದ್ರೋಗ ಚಿಕಿತ್ಸೆಯ ಇತಿಹಾಸವು ಬೇರೊಂದು ಸಂಗತಿಯನ್ನು ಮುಂದಿಡುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಭಯವನ್ನು ಸ್ವತಃ ವೈದ್ಯಶಾಸ್ತ್ರವೇ ವಿಧಿಯಾಗಿ ಬೋಧಿಸಿತ್ತು. ವಿಧಿಯನ್ನು ಅದು ಹಿಂತೆಗೆದುಕೊಂಡಿತು. ಭಯವನ್ನು ಹಿಂತೆಗೆದುಕೊಳ್ಳುವ ಕಾರ್ಯ ಮಾತ್ರ ಪೂರ್ಣಗೊಂಡಿಲ್ಲ.

ಶಯ್ಯಾವಿಶ್ರಾಂತಿಯ ಯುಗ

ಹೃದ್ರೋಗಿಗೆ ನಿಶ್ಚಲತೆಯೇ ಮದ್ದೆಂಬ ಮತವು ಅನಾದಿಯಾದುದಲ್ಲ. ಎದೆಶೂಲೆಯನ್ನು 1772ರಲ್ಲಿ ಪ್ರಕಟವಾದ ಲೇಖನದಲ್ಲಿ ವರ್ಣಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್, ದಿನವೂ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಮಾಡಿ ಬಹುಮಟ್ಟಿಗೆ ಗುಣ ಹೊಂದಿದ ರೋಗಿಯೊಬ್ಬನನ್ನು ದಾಖಲಿಸಿದ್ದಾನೆ. ಅವನ ಮರಣಾನಂತರ, 1802ರಲ್ಲಿ ಹೊರಬಂದ ಗ್ರಂಥದಲ್ಲಿರುವ ಈ ಉಲ್ಲೇಖವು ದೀರ್ಘಕಾಲ ಉಪೇಕ್ಷಿತವಾಗಿಯೇ ಉಳಿಯಿತು.

1912ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್, ಪರಿಧಮನಿ ಹಠಾತ್ತನೆ ಮುಚ್ಚಿಹೋದಾಗಲೂ ರೋಗಿ ಬದುಕುಳಿಯಬಹುದೆಂಬುದನ್ನು ವಿವರಿಸಿ, ಕೆಲವು ದಿನಗಳ ಸಂಪೂರ್ಣ ವಿಶ್ರಾಂತಿಯ ಅಗತ್ಯವನ್ನು ಒತ್ತಿ ಹೇಳಿದನು. ಮುಂದಿನ ದಶಕಗಳಲ್ಲಿ ಆ ದಿನಗಳು ವಾರಗಳಾಗಿ ಬೆಳೆದವು. ಹಾನಿಗೊಂಡ ಹೃದಯಸ್ನಾಯು ಮಾಯುವ ವೇಗವನ್ನು ಮರಣೋತ್ತರ ಪರೀಕ್ಷೆಗಳ ಮೂಲಕ ಅಧ್ಯಯನ ಮಾಡಿ ಮ್ಯಾಲೊರಿ, ವೈಟ್ ಮತ್ತು ಸಾಲ್ಸೆಡೊ-ಸಾಲ್ಗರ್ ಅವರು 1939ರಲ್ಲಿ ಪ್ರಕಟಿಸಿದ ಪ್ರಬಂಧವು, ಗಾಯವು ಗಟ್ಟಿ ಕಲೆಯಾಗಲು ವಾರಗಳೇ ಬೇಕೆಂಬುದನ್ನು ತೋರಿಸಿತು. ಮಾಯದ ಹೃದಯವು ಶ್ರಮದಿಂದ ಬಿರಿದೀತೆಂಬ ಆತಂಕಕ್ಕೆ ಇದರಿಂದ ಶಾಸ್ತ್ರೀಯ ಆಧಾರ ದೊರೆತಂತಾಯಿತು. ಆರು ವಾರಗಳ ಶಯ್ಯಾವಿಶ್ರಾಂತಿ ಸಾಮಾನ್ಯ ಪದ್ಧತಿಯಾಯಿತು. ರೋಗಿಗೆ ಊಟವನ್ನೂ ಇತರರೇ ಉಣಿಸುವುದಿತ್ತು. ದೀರ್ಘಕಾಲ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶವನ್ನು ಸೇರಿ ಸಾವು ಸಂಭವಿಸುತ್ತಿದ್ದುದನ್ನು ಕಂಡರೂ ವಿಧಿ ಸಡಿಲಗೊಳ್ಳಲಿಲ್ಲ.

ಕುರ್ಚಿಯಿಂದ ನಡಿಗೆಗೆ

ಈ ಪದ್ಧತಿಗೆ ಗಂಭೀರ ಪ್ರಶ್ನೆ ಎದುರಾದುದು ಬಾಸ್ಟನ್ ನಗರದಲ್ಲಿ. ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೋನ್ ಅವರು 81 ರೋಗಿಗಳನ್ನು ಹಾಸಿಗೆಯ ಬದಲು ಆರಾಮಕುರ್ಚಿಯಲ್ಲಿ ಕುಳ್ಳಿರಿಸಿ, ಅದರ ಫಲಿತಾಂಶವನ್ನು 1952ರಲ್ಲಿ ಪ್ರಕಟಿಸಿದರು. ಅಪಾಯ ಹೆಚ್ಚಲಿಲ್ಲ, ರೋಗಿಗಳು ಚೇತರಿಕೆಯ ಭರವಸೆ ತಳೆದರು. ಕೇವಲ ಕುರ್ಚಿಯಲ್ಲಿ ಕುಳ್ಳಿರಿಸುವುದಕ್ಕೂ ಆಸ್ಪತ್ರೆಯ ಸಹೋದ್ಯೋಗಿಗಳಿಂದ ತೀವ್ರ ವಿರೋಧ ಬಂದಿತೆಂದು ಲೋನ್ ಮುಂದೆ ಬರೆದಿದ್ದಾರೆ. ಭಯವು ರೋಗಿಯ ಮನಸ್ಸಿನಲ್ಲಿ ಮಾತ್ರವಲ್ಲದೆ ವೈದ್ಯರ ಮನಸ್ಸಿನಲ್ಲಿಯೂ ಬೇರೂರಿತ್ತೆಂಬುದಕ್ಕೆ ಇದು ನಿದರ್ಶನವಾಗಿದೆ.

ಅನಂತರದ ಸಾಕ್ಷ್ಯಗಳು ಬೇರೆಬೇರೆ ದಿಕ್ಕುಗಳಿಂದ ಬಂದವು. 1953ರಲ್ಲಿ ಜೆರಿ ಮಾರಿಸ್ ಮತ್ತು ಸಂಗಡಿಗರು, ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮಹಡಿ ಹತ್ತಿ ಇಳಿಯುವ ನಿರ್ವಾಹಕರಲ್ಲಿ ಪರಿಧಮನಿಯ ರೋಗ ಕಡಿಮೆಯೆಂಬುದನ್ನು ತೋರಿಸಿದರು. 1955ರ ಸೆಪ್ಟೆಂಬರಿನಲ್ಲಿ ಹೃದಯಾಘಾತಕ್ಕೊಳಗಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್, ಪಾಲ್ ಡಡ್ಲಿ ವೈಟ್ ಅವರ ಸಲಹೆಯಡಿ ಚೇತರಿಸಿಕೊಂಡು ಮರುವರ್ಷ ಮತ್ತೆ ಚುನಾಯಿತರಾದರು. 1939ರ ಪ್ರಬಂಧದ ಲೇಖಕರಲ್ಲೊಬ್ಬರಾದ ವೈಟ್ ಅವರೇ ವ್ಯಾಯಾಮದ ಪ್ರಬಲ ಪ್ರತಿಪಾದಕರಾಗಿದ್ದುದು ಗಮನಾರ್ಹ. ಡಲ್ಲಾಸ್ ನಗರದಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿ ನಡೆಸಿದ ಅಧ್ಯಯನ 1968ರಲ್ಲಿ ಪ್ರಕಟವಾಯಿತು. ಅವರ ದೈಹಿಕ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ಬಳಿಕ ಅವರನ್ನೇ ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ವಯೋಮಾನಕ್ಕಿಂತ ಆ ಮೂರು ವಾರಗಳ ಶಯನವೇ ಸಾಮರ್ಥ್ಯವನ್ನು ಹೆಚ್ಚು ಕುಗ್ಗಿಸಿತ್ತೆಂಬುದು ಸ್ಪಷ್ಟವಾಯಿತು. ಮದ್ದೆಂದು ನೀಡಿದ ನಿಶ್ಚಲತೆಯೇ ಒಂದು ಹಾನಿಯಾಗಿತ್ತು.

ಆಂಜಿಯೋಪ್ಲಾಸ್ಟಿ ಮತ್ತು ಭಯದ ಹೊಸ ರೂಪ

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಅವರು ಎಚ್ಚರವಿದ್ದ ರೋಗಿಯ ಪರಿಧಮನಿಯನ್ನು ಬಲೂನಿನಿಂದ ಮೊದಲ ಬಾರಿಗೆ ಹಿಗ್ಗಿಸಿದರು. 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ಪರಿಧಮನಿಯೊಳಗೆ ಸ್ಟೆಂಟ್ ಅಳವಡಿಸುವ ಕ್ರಮ ಆರಂಭವಾಯಿತು. ಆಸ್ಪತ್ರೆಯ ವಾಸ ವಾರಗಳಿಂದ ಕೆಲವೇ ದಿನಗಳಿಗಿಳಿಯಿತು. ಇದರಿಂದ ಒಂದು ವೈಚಿತ್ರ್ಯ ತಲೆದೋರಿತು. ಹಿಂದಿನ ರೋಗಿಯು ವೈದ್ಯರ ಕಣ್ಣೆದುರಿನಲ್ಲಿಯೇ ಮೊದಲ ಹೆಜ್ಜೆಗಳನ್ನಿಡುತ್ತಿದ್ದನು; ಇಂದಿನವನಾದರೋ ದೇಹದ ಮೇಲಿನ ವಿಶ್ವಾಸ ಮರಳುವ ಮೊದಲೇ ಮನೆ ಸೇರುತ್ತಾನೆ.

ಚಿಕಿತ್ಸೆಯ ಕೆಲವು ಸೂಚನೆಗಳೂ ಅಪಾರ್ಥಕ್ಕೆ ಎಡೆಮಾಡುತ್ತವೆ. ತೊಡೆಸಂದಿಯ ಧಮನಿಯ ಮೂಲಕ ನಳಿಕೆ ತೂರಿಸಿದಾಗ ಕೆಲವು ಗಂಟೆಗಳ ಕಾಲ ಕಾಲನ್ನು ಅಲುಗಿಸಬಾರದೆಂಬ ಕಟ್ಟಪ್ಪಣೆಯಿರುತ್ತದೆ. ಅದು ಧಮನಿಯ ಗಾಯದ ರಕ್ತಸ್ರಾವವನ್ನು ತಡೆಯಲೆಂದೇ ಹೊರತು ಹೃದಯದ ರಕ್ಷಣೆಗಲ್ಲ. ಈ ವ್ಯತ್ಯಾಸವನ್ನು ತಿಳಿಸದಿದ್ದಲ್ಲಿ ಕೆಲವು ಗಂಟೆಗಳ ನಿಷೇಧವೇ ರೋಗಿಯ ಮನಸ್ಸಿನಲ್ಲಿ ಬಾಳಿನ ನಿಷೇಧವಾಗಿ ನಿಲ್ಲಬಹುದು. ನಡೆದಾಡಿದರೆ ಸ್ಟೆಂಟ್ ಜಾರೀತೆಂಬ ಶಂಕೆಯೂ ಹೀಗೆಯೇ. ಅದು ಧಮನಿಯ ಗೋಡೆಗೆ ಒತ್ತಿ ಕುಳಿತಿರುತ್ತದೆ. ಕಾಲಕ್ರಮದಲ್ಲಿ ನಾಳದ ಒಳಪೊರೆ ಅದನ್ನು ಆವರಿಸುತ್ತದೆ.

ಭಯಕ್ಕೆ ಹೆಸರು, ಭಯಕ್ಕೆ ಅಳತೆ

ಚಲನಭೀತಿಗೆ ಶಾಸ್ತ್ರೀಯ ನಾಮಕರಣವಾದುದು ಹೃದ್ರೋಗದ ಕ್ಷೇತ್ರದಲ್ಲಲ್ಲ, ದೀರ್ಘಕಾಲಿಕ ನೋವಿನ ಅಧ್ಯಯನದಲ್ಲಿ. 1990ರಲ್ಲಿ ಕೋರಿ, ಮಿಲ್ಲರ್ ಮತ್ತು ಟಾಡ್ ಅವರು 'ಕೈನೀಸಿಯೋಫೋಬಿಯಾ' ಎಂಬ ಪದವನ್ನು ಬಳಕೆಗೆ ತಂದರು. ಅವರೇ ರೂಪಿಸಿದ, 17 ಹೇಳಿಕೆಗಳುಳ್ಳ ಟ್ಯಾಂಪಾ ಮಾಪಕವನ್ನು ಸ್ವೀಡನ್ನಿನ ಮಾರಿಯಾ ಬ್ಯಾಕ್ ಮತ್ತು ಸಂಗಡಿಗರು ಹೃದ್ರೋಗಿಗಳಿಗೆ ಒಗ್ಗಿಸಿ 2012ರಲ್ಲಿ ಪ್ರಕಟಿಸಿದರು. ಮರುವರ್ಷ ಹೊರಬಂದ ಅವರ ಅಧ್ಯಯನದಲ್ಲಿ 332 ಪರಿಧಮನಿ ರೋಗಿಗಳ ಪೈಕಿ ಐವರಲ್ಲೊಬ್ಬರಿಗೆ ಚಲನಭೀತಿ ಅಧಿಕ ಪ್ರಮಾಣದಲ್ಲಿತ್ತು.

ಈ ಭಯವು ತನ್ನನ್ನು ತಾನೇ ಪೋಷಿಸಿಕೊಳ್ಳುತ್ತದೆ. ಅಂಜಿದವನು ಚಲನೆಯನ್ನು ತೊರೆಯುತ್ತಾನೆ. ತೊರೆದಂತೆ ಸ್ನಾಯುಗಳು ಸೊರಗುತ್ತವೆ. ಆಗ ಅಲ್ಪ ಶ್ರಮಕ್ಕೂ ಏದುಸಿರು ಬಂದು ಎದೆ ಹೊಡೆದುಕೊಳ್ಳುತ್ತದೆ. ಅಭ್ಯಾಸ ತಪ್ಪಿದ ದೇಹದ ಈ ಸಹಜ ಲಕ್ಷಣವನ್ನು ಅವನು ರೋಗದ ಮರುಕಳಿಕೆಯೆಂದೇ ಓದುತ್ತಾನೆ. 'ಆಯಾಸ ಮಾಡಿಕೊಳ್ಳಬೇಡಿ' ಎಂಬ ಮನೆಮಂದಿಯ ಅಕ್ಕರೆಯ ಮಾತೂ ಆ ಓದಿಗೆ ಇಂಬು ನೀಡುತ್ತದೆ.

ಇದರ ನಷ್ಟ ಸಣ್ಣದಲ್ಲ. 22 ಪ್ರಯೋಗಗಳನ್ನು ಕ್ರೋಡೀಕರಿಸಿದ 1989ರ ವಿಶ್ಲೇಷಣೆಯಲ್ಲಿ, ವ್ಯಾಯಾಮಸಹಿತ ಪುನಶ್ಚೇತನ ಪಡೆದ ಹೃದಯಾಘಾತ ರೋಗಿಗಳ ಮರಣಪ್ರಮಾಣ ಶೇಕಡಾ 20ರಷ್ಟು ಕಡಿಮೆಯಿತ್ತು. ಇಟಲಿಯಲ್ಲಿ ಆಂಜಿಯೋಪ್ಲಾಸ್ಟಿಯಾದ 118 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ವ್ಯಾಯಾಮದಿಂದ ದೇಹಸಾಮರ್ಥ್ಯ ಹೆಚ್ಚಿ ಹೃದಯಸಂಬಂಧಿ ಅವಘಡಗಳು ತಗ್ಗಿದವು. ಭಾರತದ 24 ಕೇಂದ್ರಗಳಲ್ಲಿ 3,959 ರೋಗಿಗಳನ್ನೊಳಗೊಂಡು 2020ರಲ್ಲಿ ಪ್ರಕಟವಾದ ಯೋಗಾಧಾರಿತ ಪುನಶ್ಚೇತನದ ಪ್ರಯೋಗವು ಅಂತಹ ಅವಘಡಗಳನ್ನು ಖಚಿತವಾಗಿ ತಗ್ಗಿಸಿತೆಂದು ಹೇಳಲಾಗದಿದ್ದರೂ, ರೋಗಿಗಳು ಹಿಂದಿನ ಚಟುವಟಿಕೆಗಳಿಗೆ ಮರಳಲು ನೆರವಾಯಿತು. ಚಲನಭೀತಿಯ ದೃಷ್ಟಿಯಿಂದ ಈ ಫಲವೇ ಮಹತ್ವದ್ದು.

ಎಲ್ಲ ಎಚ್ಚರಿಕೆಯೂ ಭೀತಿಯಲ್ಲ. ಶ್ರಮದ ವೇಳೆ ಎದೆನೋವು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣುವುದು, ಆರಂಭದ ದಿನಗಳಲ್ಲಿ ಭಾರ ಎತ್ತದಿರುವುದು, ವ್ಯಾಯಾಮವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುವುದು ಇವು ವಿವೇಕದ ಕ್ರಮಗಳು. ವಿವೇಕಕ್ಕೂ ಭೀತಿಗೂ ನಡುವಿನ ಗೆರೆಯನ್ನು ರೋಗಿಯು ಒಬ್ಬನೇ ಎಳೆದುಕೊಳ್ಳಲಾರನು. ಒಂದು ಕಾಲಕ್ಕೆ ಆರು ವಾರ ಮಲಗೆಂದು ವಿಧಿಸಿದ ಶಾಸ್ತ್ರವು ಇಂದು ನಡೆಯೆಂದು ಹೇಳಿ ಸುಮ್ಮನಾಗುವಂತಿಲ್ಲ. ಮೊದಲ ಕೆಲವು ಹೆಜ್ಜೆಗಳಲ್ಲಿ ಜೊತೆಗೂಡಿ ನಡೆಯುವುದೂ ಅದರ ಹೊಣೆಯೇ ಆಗಿದೆ.