ಮನಶ್ಶಾಂತಿಗೆ ಬೌದ್ಧ ಧ್ಯಾನ: ಉಸಿರೇ ಮೊದಲ ಪಾಠ

ಮೈಸೂರಿನಿಂದ ಸುಮಾರು 80 ಕಿ.ಮೀ. ದೂರದ ಬೈಲಕುಪ್ಪೆಯಲ್ಲಿ ಪೆನೊರ್ ರಿಂಪೋಚೆ 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರವು ನಗರವಾಸಿಗಳಿಗೆ ಪ್ರವಾಸಿ ತಾಣವೆಂದೇ ಪರಿಚಿತ. ಆದರೆ ಬುದ್ಧನು ಬೋಧಿಸಿದ ಧ್ಯಾನವನ್ನು ಮನೆಯ ಮೂಲೆಯಲ್ಲೂ ಆರಂಭಿಸಬಹುದು.

ಅದರ ಮೊದಲ ಪಾಠ ‘ಆನಾಪಾನಸತಿ’, ಅಂದರೆ ಉಸಿರಿನ ಮೇಲೆ ಎಚ್ಚರದ ಗಮನ. ಬೆನ್ನು ನೇರವಾಗಿಸಿ ಕುಳಿತು ಸಹಜ ಉಸಿರಾಟವನ್ನು ಗಮನಿಸಬೇಕು. ಯೋಗನಗರಿಗೆ ಚಿರಪರಿಚಿತವಾದ ಪ್ರಾಣಾಯಾಮದಂತೆ ಅದನ್ನು ನಿಯಂತ್ರಿಸಬಾರದು. ಮನಸ್ಸು ಅಲೆದಾಡಿದರೆ ಅದು ಸೋಲಲ್ಲ. ಅಲೆದುದನ್ನು ಅರಿತು ಮರಳಿ ತರುವುದೇ ಅಭ್ಯಾಸ.

ಎಸ್.ಎನ್. ಗೋಯೆಂಕಾ ಅವರು 1969ರಲ್ಲಿ ಬರ್ಮಾದಿಂದ ಬಂದು ಭಾರತದಲ್ಲಿ ಬೋಧಿಸಿದ ವಿಪಶ್ಯನದ 10 ದಿನಗಳ ಶಿಬಿರದಲ್ಲೂ ಮೊದಲ 3 ದಿನ ಇದೇ ಅಭ್ಯಾಸ. ಶಿಬಿರಕ್ಕೆ ಶುಲ್ಕವಿಲ್ಲ, ಮೌನ ಕಡ್ಡಾಯ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು; ಧ್ಯಾನವು ಔಷಧಕ್ಕೆ ಬದಲಿಯಲ್ಲ.